ಒಂದು ಕೊಳಕು ಚೆಂಡು, ಒಂದು ಸಾವು: ಬೇಸ್‌ಬಾಲ್ ಬದಲಾದ 1920

1920ಕ್ಕೂ ಮುಂಚೆ ಅಮೆರಿಕದ ಹೆಚ್ಚಿನ ಬೇಸ್‌ಬಾಲ್ ಮೈದಾನಗಳಲ್ಲಿ ಒಂದು ರೂಢಿ ಇತ್ತು. ಹೊಡೆದ ಚೆಂಡು ಪ್ರೇಕ್ಷಕರ ನಡುವೆ ಬಿದ್ದರೆ ಅದನ್ನು ವಾಪಸ್ ಎಸೆಯಬೇಕು. ಯಾರಾದರೂ ಇಟ್ಟುಕೊಂಡರೆ ಸಿಬ್ಬಂದಿ ಬಂದು ಕೇಳುತ್ತಿದ್ದರು. ಹೊಸ ಚೆಂಡಿಗೆ ದುಡ್ಡಾಗುತ್ತೆ, ಅಷ್ಟೇ ಕಾರಣ. ಈಗಿನ ಮೇಜರ್ ಲೀಗ್ ಪಂದ್ಯ ನೋಡಿ. ಚೆಂಡು ಸ್ವಲ್ಪ ಮಣ್ಣಿಗೆ ತಾಗಿದರೂ ಸಾಕು, ಅಂಪೈರ್ ಅದನ್ನು ಬದಲಿಸುತ್ತಾರೆ. ಗ್ಯಾಲರಿಯಲ್ಲಿ ಹಿಡಿದವರು ಚೆಂಡನ್ನು ಖುಷಿಯಿಂದ ಮನೆಗೆ ಒಯ್ಯುತ್ತಾರೆ.

ಈ ಬದಲಾವಣೆಗೆ ಒಂದು ಜೀವ ಹೋಗಬೇಕಾಯಿತು.

1920ರ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಅದರ ದೊಡ್ಡ ಸುದ್ದಿಗಳನ್ನು ಬಿಡಿಬಿಡಿಯಾಗಿ ಹೇಳುತ್ತಾರೆ. ಬೇಬ್ ರೂತ್ ನ್ಯೂಯಾರ್ಕಿಗೆ ಬಂದರು, ರೇ ಚಾಪ್‌ಮನ್ ಸತ್ತರು, ಶಿಕಾಗೋದ ಮೋಸ ಬಯಲಾಯಿತು, ಕರಿಯ ಆಟಗಾರರ ಲೀಗ್ ಹುಟ್ಟಿತು. ಇವೆಲ್ಲ ಒಂದೇ ವರ್ಷ ನಡೆದದ್ದು ಕಾಕತಾಳೀಯ ಅಂತ ನನಗೆ ಅನ್ನಿಸುವುದಿಲ್ಲ. ತಂಡಗಳ ಮಾಲೀಕರು ವರ್ಷಗಟ್ಟಲೆ ಕಂಡೂ ಕಾಣದಂತೆ ಬಿಟ್ಟ ವಿಷಯಗಳು ಆ ಹನ್ನೆರಡು ತಿಂಗಳಲ್ಲಿ ಒಟ್ಟಿಗೆ ಮುಂದೆ ಬಂದು ನಿಂತವು.

ಈ ಆಟದ ಪರಿಚಯ ಇಲ್ಲದವರಿಗೆ ನಾಲ್ಕು ಮಾತು. ಇಲ್ಲಿ ಬೌಲರ್ ಬದಲು ಪಿಚರ್ ಇರುತ್ತಾರೆ. 60 ಅಡಿ 6 ಇಂಚು ದೂರದಿಂದ ಎಸೆಯುತ್ತಾರೆ. ಚೆಂಡು ನೆಲಕ್ಕೆ ಪುಟಿಯುವುದಿಲ್ಲ, ಗಾಳಿಯಲ್ಲೇ ಬ್ಯಾಟರ್ ಪಕ್ಕ ಹಾದು ಹಿಂದೆ ಕುಕ್ಕರಗಾಲಲ್ಲಿ ಕೂತ ಕ್ಯಾಚರ್ ಕೈ ಸೇರುತ್ತದೆ. ಮೂವರು ಔಟಾದರೆ ತಂಡದ ಸರದಿ ಮುಗಿಯಿತು. ಎರಡೂ ತಂಡಗಳಿಗೆ ಹೀಗೆ ಒಂಬತ್ತು ಇನಿಂಗ್ಸ್. ಸಮ ಆದರೆ ಆಟ ಮುಂದುವರಿಯುತ್ತದೆ. ಹೊಡೆದವರು ಹೋಮ್ ಪ್ಲೇಟ್ ಎಂಬ ಜಾಗದಿಂದ ಓಡಿ, ಬೇಸ್ ಎಂಬ ಮೂರು ನಿಲುಗಡೆ ಸುತ್ತಿ ಮತ್ತೆ ಅಲ್ಲಿಗೇ ಬಂದರೆ ಒಂದು ರನ್. ಬೇಲಿ ದಾಟಿಸಿದರೆ ಹೋಮ್ ರನ್. ಆಗ ಮೇಜರ್ ಲೀಗ್ ಎಂದರೆ ಅಮೆರಿಕನ್ ಲೀಗ್ ಮತ್ತು ನ್ಯಾಷನಲ್ ಲೀಗ್, ತಲಾ ಎಂಟು ತಂಡ. ಎರಡರಲ್ಲೂ ಮೊದಲು ಬಂದವರು ಅಕ್ಟೋಬರ್‌ನಲ್ಲಿ ವರ್ಲ್ಡ್ ಸೀರೀಸ್ ಆಡುತ್ತಿದ್ದರು.

ಈಗ ಚೆಂಡಿನ ವಿಷಯಕ್ಕೆ ಬರೋಣ. ಆ ಕಾಲದಲ್ಲಿ ಒಂದೇ ಚೆಂಡನ್ನು ಇನಿಂಗ್ಸ್ ಮೇಲೆ ಇನಿಂಗ್ಸ್ ಬಳಸುತ್ತಿದ್ದರು. ಪಿಚರ್‌ಗಳು ಅದಕ್ಕೆ ಎಂಜಲು ಹಚ್ಚುತ್ತಿದ್ದರು, ತಂಬಾಕಿನ ರಸ ಉಗುಳುತ್ತಿದ್ದರು, ಮಣ್ಣು ತಿಕ್ಕುತ್ತಿದ್ದರು, ಉಗುರಿನಿಂದ ಕೆರೆಯುತ್ತಿದ್ದರು. ಒಂದು ಪಕ್ಕ ಒದ್ದೆಯಾಗಿ ಇನ್ನೊಂದು ಪಕ್ಕ ಒರಟಾದ ಚೆಂಡು ಗಾಳಿಯಲ್ಲಿ ಹೇಗೆ ತಿರುಗುತ್ತದೆ ಅಂತ ಬ್ಯಾಟರ್‌ಗೆ ಊಹಿಸಲು ಆಗುತ್ತಿರಲಿಲ್ಲ. ಎಂಜಲು ಹಚ್ಚಿ ಎಸೆಯುವ ಈ ವಿದ್ಯೆಗೆ ಸ್ಪಿಟ್‌ಬಾಲ್ ಎಂದು ಹೆಸರು. ಆಟ ಸಾಗಿದ ಹಾಗೆ ಚೆಂಡು ಕಂದುಬಣ್ಣಕ್ಕೆ ತಿರುಗಿ ಮೆತ್ತಗಾಗುತ್ತಿತ್ತು. ಎಷ್ಟು ಬಲವಾಗಿ ಹೊಡೆದರೂ ದೂರ ಹೋಗುತ್ತಿರಲಿಲ್ಲ.

ಇದರ ಪರಿಣಾಮ ನೋಡಬೇಕಾದರೆ ಅದೇ ವರ್ಷದ ಮೇ 1ರ ಪಂದ್ಯವೇ ಸಾಕು. ಬಾಸ್ಟನ್‌ನ ಬ್ರೇವ್ಸ್ ಫೀಲ್ಡ್‌ನಲ್ಲಿ ಬ್ರೂಕ್ಲಿನ್ ರಾಬಿನ್ಸ್ ಮತ್ತು ಬಾಸ್ಟನ್ ಬ್ರೇವ್ಸ್ 26 ಇನಿಂಗ್ಸ್ ಆಡಿದರು. ಸ್ಕೋರ್ 1-1. ಕತ್ತಲಾಯಿತು ಅಂತ ಅಂಪೈರ್ ನಿಲ್ಲಿಸಿದರು. ಬ್ರೂಕ್ಲಿನ್‌ನ ಲಿಯಾನ್ ಕ್ಯಾಡೋರ್, ಬಾಸ್ಟನ್‌ನ ಜೋ ಓಶ್ಗರ್, ಇಬ್ಬರೂ 26 ಇನಿಂಗ್ಸನ್ನೂ ಒಬ್ಬರೇ ಎಸೆದರು. ಬ್ರೂಕ್ಲಿನ್ ತಂಡ ಮಾರನೇ ದಿನ ತನ್ನ ಊರಲ್ಲಿ ಫಿಲಡೆಲ್ಫಿಯಾ ವಿರುದ್ಧ 13 ಇನಿಂಗ್ಸ್ ಆಡಿ ಸೋತಿತು. ಮೂರನೇ ದಿನ ಬಾಸ್ಟನ್‌ಗೆ ಮರಳಿ 19 ಇನಿಂಗ್ಸ್ ಆಡಿ ಮತ್ತೆ ಸೋತಿತು. ಮೂರು ದಿನ, 58 ಇನಿಂಗ್ಸ್, ಒಂದೂ ಗೆಲುವಿಲ್ಲ!

ಆ ಫೆಬ್ರವರಿಯಲ್ಲೇ ನಿಯಮ ಸಮಿತಿ ಎಂಜಲು, ಮಣ್ಣು, ಗೀರು ಎಲ್ಲವನ್ನೂ ನಿಷೇಧಿಸಿತ್ತು. ಆದರೆ ಅರೆಮನಸ್ಸಿನಿಂದ. ಆ ಒಂದು ವರ್ಷದ ಮಟ್ಟಿಗೆ ಪ್ರತಿ ತಂಡವೂ ಇಬ್ಬರು ಸ್ಪಿಟ್‌ಬಾಲ್ ಪಿಚರ್‌ಗಳನ್ನು ಇಟ್ಟುಕೊಳ್ಳಬಹುದಿತ್ತು. ಆಮೇಲೆ ಅದನ್ನೇ ನಂಬಿ ಬದುಕಿದ್ದ 17 ಮಂದಿಗೆ ನಿವೃತ್ತಿಯವರೆಗೂ ವಿನಾಯ್ತಿ ಸಿಕ್ಕಿತು. ಅವರಲ್ಲಿ ಕೊನೆಯವರಾದ ಬರ್ಲಿ ಗ್ರೈಮ್ಸ್ 1934ರವರೆಗೂ ಆಡಿದರು. (ಕ್ರಿಕೆಟ್‌ನಲ್ಲಿ ಚೆಂಡಿಗೆ ಎಂಜಲು ಹಚ್ಚುವುದನ್ನು ಐಸಿಸಿ ನಿಲ್ಲಿಸಿದ್ದು ಸರಿಯಾಗಿ ನೂರು ವರ್ಷದ ನಂತರ, 2020ರಲ್ಲಿ. ಅದಕ್ಕೂ ಕೋವಿಡ್ ಬರಬೇಕಾಯಿತು.) ನಿಯಮದಲ್ಲಿ ಎಂಜಲು ಹೋಯಿತು ನಿಜ, ಹಳೇ ಕೊಳಕು ಚೆಂಡು ಮಾತ್ರ ಆಟದಲ್ಲೇ ಉಳಿಯಿತು.

ಆಗಸ್ಟ್ 16, ಸೋಮವಾರ. ನ್ಯೂಯಾರ್ಕಿನ ಪೋಲೋ ಗ್ರೌಂಡ್ಸ್. ಮೋಡ ಮುಸುಕಿದ ಮಧ್ಯಾಹ್ನ, ಮಂದ ಬೆಳಕು. ಕ್ಲೀವ್‌ಲ್ಯಾಂಡ್ ಇಂಡಿಯನ್ಸ್ ಮತ್ತು ನ್ಯೂಯಾರ್ಕ್ ಯಾಂಕೀಸ್ ನಡುವಿನ ಪಂದ್ಯ. ಶಿಕಾಗೋ ವೈಟ್ ಸಾಕ್ಸ್ ಸೇರಿ ಮೂರು ತಂಡಗಳು ಅಮೆರಿಕನ್ ಲೀಗ್‌ನ ಅಗ್ರಸ್ಥಾನಕ್ಕೆ ಪೈಪೋಟಿ ನಡೆಸುತ್ತಿದ್ದವು.

ಐದನೇ ಇನಿಂಗ್ಸ್‌ನ ಮೊದಲ ಬ್ಯಾಟರ್ ಕ್ಲೀವ್‌ಲ್ಯಾಂಡ್‌ನ ಶಾರ್ಟ್‌ಸ್ಟಾಪ್ (ಎರಡನೇ ಮತ್ತು ಮೂರನೇ ಬೇಸ್ ನಡುವೆ ಕಾಯುವ ಫೀಲ್ಡರ್) ರೇ ಚಾಪ್‌ಮನ್. ವಯಸ್ಸು 29. ಊರು ಕೆಂಟಕಿಯ ಬೀವರ್ ಡ್ಯಾಮ್. ಹಿಂದಿನ ವರ್ಷ ತಾನೇ ಮದುವೆಯಾಗಿತ್ತು, ಹೆಂಡತಿ ಬಸುರಿ. ತನ್ನ ವಿಕೆಟ್ ಕೊಟ್ಟು ತಂಡದವರನ್ನು ಮುಂದಿನ ಬೇಸ್‌ಗೆ ದಾಟಿಸುವ ಆಟದಲ್ಲಿ ಅವರದ್ದು ಎತ್ತಿದ ಕೈ. ಅಂಥ 67 ತ್ಯಾಗದ ಹೊಡೆತಗಳ ಅವರ 1917ರ ದಾಖಲೆ ಇವತ್ತಿಗೂ ಹಾಗೇ ಇದೆ. ಹೋಮ್ ಪ್ಲೇಟ್ ಮೇಲಕ್ಕೆ ಬಾಗಿ, ತಲೆ ಮುಂದೆ ಚಾಚಿ ನಿಲ್ಲುವುದು ಅವರ ಶೈಲಿ.

ಎಸೆಯುತ್ತಿದ್ದವರು ಕಾರ್ಲ್ ಮೇಸ್. ಅವರೂ ಕೆಂಟಕಿಯಲ್ಲೇ, ಅದೇ 1891ರಲ್ಲೇ ಹುಟ್ಟಿದವರು. ಅವರ ಎಸೆತ ವಿಚಿತ್ರ. ಸೊಂಟ ಬಗ್ಗಿಸಿ, ಬೆರಳು ನೆಲ ಸವರುವ ಹಾಗೆ ಕೈ ಕೆಳಗಿನಿಂದ ತಂದು ಎಸೆಯುತ್ತಿದ್ದರು. ಚೆಂಡು ಕೆಳಗಿನಿಂದ ಮೇಲಕ್ಕೆ ಏರಿ ಬರುತ್ತಿತ್ತು. ಬ್ಯಾಟರ್‌ಗಳ ಮೈ ಹತ್ತಿರ ಎಸೆಯುತ್ತಾರೆ ಎಂಬ ದೂರು ಮೊದಲೇ ಇತ್ತು.

ಚೆಂಡು ಬಂತು. ಚಾಪ್‌ಮನ್ ಅಲುಗಾಡಲೇ ಇಲ್ಲ. ಬಹುಶಃ ಚೆಂಡು ಕಾಣಲೇ ಇಲ್ಲ. ಠಳ್ ಎಂಬ ಸದ್ದು ಮೈದಾನಕ್ಕೆಲ್ಲ ಕೇಳಿತು. ಚೆಂಡು ಉರುಳಿಕೊಂಡು ಪಿಚರ್ ಕಡೆಗೇ ವಾಪಸ್ ಬಂತು. ಬ್ಯಾಟಿಗೆ ತಗುಲಿದೆ ಎಂದುಕೊಂಡ ಮೇಸ್ ಅದನ್ನು ಹಿಡಿದು, ಬ್ಯಾಟರನ್ನು ಔಟ್ ಮಾಡಲು ಮೊದಲ ಬೇಸ್‌ನ ವಾಲಿ ಪಿಪ್ ಕಡೆಗೆ ಎಸೆದರು. ಆಮೇಲೆ ನೋಡಿದರೆ ಚಾಪ್‌ಮನ್ ಕುಸಿದಿದ್ದರು, ಕಿವಿಯಿಂದ ರಕ್ತ. ಅಂಪೈರ್ ಟಾಮಿ ಕಾನೊಲಿ ಗ್ಯಾಲರಿಯತ್ತ ತಿರುಗಿ ಡಾಕ್ಟರ್ ಇದ್ದಾರಾ ಎಂದು ಕೂಗಿದರು.

ಸ್ವಲ್ಪ ಹೊತ್ತಿಗೆ ಚಾಪ್‌ಮನ್ ಎದ್ದು ನಿಂತರು. ಪೋಲೋ ಗ್ರೌಂಡ್ಸ್‌ನಲ್ಲಿ ಆಟಗಾರರ ಕೋಣೆ ಮೈದಾನದ ಆ ತುದಿಯಲ್ಲಿತ್ತು. ಅಲ್ಲಿಗೆ ನಡೆದೇ ಹೊರಟರು. ಎರಡನೇ ಬೇಸ್ ಹತ್ತಿರ ಕಾಲು ಸೋತವು. ಜೊತೆಗಾರರು ಎತ್ತಿಕೊಂಡು ಹೋದರು. ಪಂದ್ಯ ನಿಲ್ಲಲಿಲ್ಲ, ಕ್ಲೀವ್‌ಲ್ಯಾಂಡ್ 4-3ರಿಂದ ಗೆದ್ದಿತು. ರಾತ್ರಿ ಸೇಂಟ್ ಲಾರೆನ್ಸ್ ಆಸ್ಪತ್ರೆಯಲ್ಲಿ ಸರ್ಜರಿ ಆಯಿತು. ತಲೆಬುರುಡೆ ಒಡೆದಿತ್ತು. ಆಗಸ್ಟ್ 17ರ ಬೆಳಗಿನ ಜಾವ ಚಾಪ್‌ಮನ್ ತೀರಿಕೊಂಡರು. ಪಿಚರ್ ಎಸೆದ ಚೆಂಡು ತಗುಲಿ ಸತ್ತ ಮೇಜರ್ ಲೀಗ್ ಆಟಗಾರ ಇವತ್ತಿಗೂ ಅವರೊಬ್ಬರೇ.

ಮೇಸ್ ಬೇಕಂತಲೇ ಹೊಡೆದರಾ? ಆಗ ಎಲ್ಲರೂ ಕೇಳಿದ ಪ್ರಶ್ನೆ ಇದು. ಕೆಲವು ತಂಡಗಳ ಆಟಗಾರರು, ಮೇಸ್ ಇದ್ದರೆ ನಾವು ಆಡುವುದಿಲ್ಲ ಎಂದರು. ನ್ಯೂಯಾರ್ಕಿನ ಅಧಿಕಾರಿಗಳು ವಿಚಾರಣೆ ಮಾಡಿ ಇದು ಆಕಸ್ಮಿಕ ಎಂದು ಬಿಟ್ಟರು. ಮೇಸ್ ಆ ವರ್ಷವೇ 26 ಪಂದ್ಯ ಗೆದ್ದರು, ಇಡೀ ವೃತ್ತಿಯಲ್ಲಿ 200ಕ್ಕೂ ಹೆಚ್ಚು. ಬೇಸ್‌ಬಾಲ್‌ನ ದೊಡ್ಡ ಗೌರವವಾದ ಹಾಲ್ ಆಫ್ ಫೇಮ್ ಮಾತ್ರ ಸಿಗಲಿಲ್ಲ. ನನ್ನ ಮಟ್ಟಿಗೆ ಹೇಳುವುದಾದರೆ, ಅವರನ್ನು ದೂರಿ ದೊಡ್ಡ ತಪ್ಪನ್ನು ಮರೆಯಬಾರದು. ಮಬ್ಬು ಬೆಳಕಲ್ಲಿ ಕಂದುಬಣ್ಣದ ಚೆಂಡು, ತಲೆಗೆ ಬಟ್ಟೆಯ ಟೋಪಿ. ಹೀಗೆ ಆಡಿಸಿದರೆ ಇಂದಲ್ಲ ನಾಳೆ ಯಾರಿಗಾದರೂ ಇದು ಆಗಲೇಬೇಕಿತ್ತು ಅಲ್ವಾ?

ಅದಾದ ಮೇಲೆ ಚೆಂಡು ಕೊಳೆಯಾದರೆ ತಕ್ಷಣ ಬದಲಿಸುವುದು ಅಂಪೈರ್‌ಗಳ ಕೆಲಸವಾಯಿತು. ಹೆಲ್ಮೆಟ್ ಮಾತ್ರ ಬರಲೇ ಇಲ್ಲ. ಹೆಲ್ಮೆಟ್ ಹಾಕಿದರೆ ಹೆದರುಪುಕ್ಕಲು ಎನ್ನುತ್ತಾರೆ ಎಂಬ ಅಳುಕು ಆಟಗಾರರಿಗೇ ಇತ್ತು. ಮೇಜರ್ ಲೀಗ್‌ನಲ್ಲಿ ಗಟ್ಟಿ ಹೆಲ್ಮೆಟ್ ಕಡ್ಡಾಯವಾದದ್ದು 1971ರಲ್ಲಿ, ಅದೂ ಹೊಸಬರಿಗೆ ಮಾತ್ರ. ಕಾರ್ಲ್ ಮೇಸ್ ತೀರಿಕೊಂಡದ್ದೂ ಅದೇ ವರ್ಷ. ಕ್ರಿಕೆಟ್‌ನ ಕತೆಯೂ ಇದಕ್ಕಿಂತ ಚೆನ್ನಾಗೇನೂ ಇಲ್ಲ. 1962ರಲ್ಲಿ ಬಾರ್ಬಡೋಸ್‌ನಲ್ಲಿ ಭಾರತದ ನಾಯಕ ನಾರಿ ಕಂಟ್ರಾಕ್ಟರ್ ತಲೆಬುರುಡೆ ಒಡೆದು ಸಾವಿನ ದವಡೆಯಿಂದ ಪಾರಾಗಿ ಬಂದರು. ಹೆಲ್ಮೆಟ್ ರೂಢಿಗೆ ಬಂದದ್ದು ಎಪ್ಪತ್ತರ ದಶಕದ ಕೊನೆಯಲ್ಲಿ.

ಬಿಳಿ ಚೆಂಡು, ಎಂಜಲಿಲ್ಲದ ಚೆಂಡು ಬಂದದ್ದೇ ತಡ, ಆಟ ಬ್ಯಾಟರ್‌ಗಳ ಕಡೆ ವಾಲಿತು. ಅದಕ್ಕೆ ಸರಿಯಾದ ಆಳು ಆಗಲೇ ನ್ಯೂಯಾರ್ಕಿನಲ್ಲಿದ್ದರು. 1920ರ ಜನವರಿಯಲ್ಲಿ ಬಾಸ್ಟನ್ ರೆಡ್ ಸಾಕ್ಸ್ ಮಾಲೀಕ ಹ್ಯಾರಿ ಫ್ರೇಜಿ ತಮ್ಮ ಬೇಬ್ ರೂತ್ ಅವರನ್ನು ಯಾಂಕೀಸ್‌ಗೆ ಮಾರಿದ ಸುದ್ದಿ ಹೊರಬಿತ್ತು. ಬೆಲೆ 1 ಲಕ್ಷ ಡಾಲರ್, ಅದರ ಮೇಲೆ ಸಾಲ ಬೇರೆ. ರೂತ್ ಅಲ್ಲಿಯವರೆಗೆ ಒಳ್ಳೆಯ ಪಿಚರ್ ಕೂಡ ಆಗಿದ್ದರು. 1919ರಲ್ಲಿ 29 ಹೋಮ್ ರನ್ ಹೊಡೆದಿದ್ದರು, ಅದೇ ದಾಖಲೆ. 1920ರಲ್ಲಿ ಹೊಡೆದದ್ದು 54!

ಈ 54 ಎಷ್ಟು ಅಂತ ಅರ್ಥ ಆಗಬೇಕಾದರೆ ಉಳಿದವರನ್ನು ನೋಡಬೇಕು. ಎರಡನೇ ಸ್ಥಾನದ ಜಾರ್ಜ್ ಸಿಸ್ಲರ್ ಹೊಡೆದದ್ದು 19. ಆಟಗಾರರನ್ನು ಬಿಡಿ, ಯಾಂಕೀಸ್ ಬಿಟ್ಟು ಉಳಿದ 15 ತಂಡಗಳ ಪೈಕಿ ರೂತ್ ಒಬ್ಬರಿಗಿಂತ ಜಾಸ್ತಿ ಹೋಮ್ ರನ್ ಗಳಿಸಿದ್ದು ಫಿಲಡೆಲ್ಫಿಯಾ ಫಿಲೀಸ್ ಒಂದೇ, 64. ಸಿಸ್ಲರ್ ಕೂಡ ಸಾಮಾನ್ಯರಲ್ಲ. ಆ ವರ್ಷ ಅವರು ಹೊಡೆದ 257 ಹಿಟ್‌ಗಳ (ಬೇಸ್ ತಲುಪಿಸಿದ ಹೊಡೆತಗಳ) ದಾಖಲೆಯನ್ನು ಮುರಿಯಲು 2004ರಲ್ಲಿ ಜಪಾನಿನ ಇಚಿರೊ ಸುಜುಕಿ ಬರಬೇಕಾಯಿತು. ಚೆಂಡಿನೊಳಗಿನ ಉಣ್ಣೆ ನೂಲನ್ನು ಬಿಗಿ ಮಾಡಿದ್ದರು, ಅದಕ್ಕೇ ಚೆಂಡು ಹಾರಿತು ಎಂಬ ವಾದ ಆಗಿನಿಂದಲೂ ಇದೆ. ತಯಾರಕರು ಒಪ್ಪಲಿಲ್ಲ. ಆದರೂ ಒಂದು ವಿಷಯ ಮರೆಯಬಾರದು. ರೂತ್ ಅವರ 29 ಬಂದದ್ದು ಹಳೇ ಕೊಳಕು ಚೆಂಡಿನಲ್ಲೇ.

ಜನ ಮುಗಿಬಿದ್ದರು. ಯಾಂಕೀಸ್ ಆ ವರ್ಷ ತನ್ನ ಊರಿನ ಪಂದ್ಯಗಳಿಗೆ 10 ಲಕ್ಷಕ್ಕಿಂತ ಜಾಸ್ತಿ ಪ್ರೇಕ್ಷಕರನ್ನು ಕಂಡ ಮೊದಲ ತಂಡವಾಯಿತು. ಹೋಮ್ ರನ್ ನೋಡಲು ಜನ ದುಡ್ಡು ಕೊಡುತ್ತಾರೆ ಎಂದು ಗೊತ್ತಾದ ಮೇಲೆ ಹೊಸ ಚೆಂಡಿನ ಖರ್ಚು ಯಾವ ಮಾಲೀಕರಿಗೂ ಭಾರ ಅನ್ನಿಸಲಿಲ್ಲ. ರೂತ್ ಅವರನ್ನು ಮಾರಿದ ಬಾಸ್ಟನ್ ರೆಡ್ ಸಾಕ್ಸ್ ಮತ್ತೆ ವರ್ಲ್ಡ್ ಸೀರೀಸ್ ಗೆದ್ದದ್ದು 2004ರಲ್ಲಿ.

ಇತ್ತ ಶಿಕಾಗೋದಲ್ಲಿ ಇನ್ನೊಂದು ಬೆಂಕಿ ಹೊಗೆಯಾಡುತ್ತಿತ್ತು. 1919ರ ವರ್ಲ್ಡ್ ಸೀರೀಸ್‌ನಲ್ಲಿ ಬಲಿಷ್ಠ ವೈಟ್ ಸಾಕ್ಸ್ ತಂಡ ಸಿನ್ಸಿನಾಟಿ ರೆಡ್ಸ್‌ಗೆ 5-3ರಿಂದ ಸೋತಿತ್ತು. ಜೂಜುಕೋರರಿಂದ ದುಡ್ಡು ತಿಂದು ಬೇಕಂತಲೇ ಸೋತರು ಎಂಬ ಗುಸುಗುಸು ಆಗಲೇ ಶುರುವಾಗಿತ್ತು. ಬೇಸ್‌ಬಾಲ್‌ಗೆ ಜೂಜು ಹೊಸದಲ್ಲ. ಅದರ ಬಗ್ಗೆ ಬಾಯಿ ಮುಚ್ಚಿಕೊಂಡಿರುವುದೂ ಹೊಸದಲ್ಲ. ಇಡೀ ಚಳಿಗಾಲ, ಮುಂದಿನ ಇಡೀ ಸೀಸನ್, ಅದೇ ಆಟಗಾರರು ಆಡುತ್ತಲೇ ಇದ್ದರು.

ಕಟ್ಟೆ ಒಡೆದದ್ದು ಬೇರೆಯೇ ಒಂದು ಪಂದ್ಯದಿಂದ. 1920ರ ಆಗಸ್ಟ್ 31ರ ಶಿಕಾಗೋ ಕಬ್ಸ್ ಮತ್ತು ಫಿಲಡೆಲ್ಫಿಯಾ ಫಿಲೀಸ್ ಪಂದ್ಯ ಫಿಕ್ಸ್ ಆಗಿದೆ ಎಂಬ ಸುದ್ದಿ ಹಬ್ಬಿತು. ಶಿಕಾಗೋದಲ್ಲಿ ಗ್ರ್ಯಾಂಡ್ ಜ್ಯೂರಿ (ಮೊಕದ್ದಮೆ ಹೂಡುವಷ್ಟು ಸಾಕ್ಷ್ಯ ಇದೆಯಾ ಎಂದು ನೋಡುವ ನಾಗರಿಕರ ಮಂಡಳಿ) ಕೂತಿತು. ಕೆದಕುತ್ತಾ ಹೋದಂತೆ 1919 ಹೊರಬಂತು. ಸೆಪ್ಟೆಂಬರ್ 28ರಂದು ಪಿಚರ್ ಎಡಿ ಸಿಕಾಟ್ ತಪ್ಪೊಪ್ಪಿಕೊಂಡರು. 10,000 ಡಾಲರ್ ತಗೊಂಡಿದ್ದರಂತೆ. ಸರಣಿಯ ಮೊದಲ ಪಂದ್ಯದಲ್ಲಿ ಎದುರಾಳಿಯ ಮೊದಲ ಬ್ಯಾಟರ್ ಮೋರಿ ರಾತ್ ಮೈಗೇ ಚೆಂಡು ಎಸೆದಿದ್ದರು ಸಿಕಾಟ್. ಫಿಕ್ಸಿಂಗ್ ಪಕ್ಕಾ ಎಂದು ಜೂಜುಕೋರರಿಗೆ ಕೊಟ್ಟ ಸನ್ನೆ ಅದು. ಅದೇ ದಿನ ಜೋ ಜಾಕ್ಸನ್ ಕೂಡ ಬಾಯಿಬಿಟ್ಟರು. 20,000 ಡಾಲರ್ ಮಾತಾಗಿತ್ತು, ಕೈಗೆ ಬಂದದ್ದು 5,000.

ಲೀಗ್ ಇನ್ನೇನು ಮುಗಿಯುವುದರಲ್ಲಿತ್ತು. ವೈಟ್ ಸಾಕ್ಸ್ ಇನ್ನೂ ಅಗ್ರಸ್ಥಾನದ ಪೈಪೋಟಿಯಲ್ಲಿತ್ತು. ಮಾಲೀಕ ಚಾರ್ಲ್ಸ್ ಕಾಮಿಸ್ಕಿ ಆ ದಿನವೇ ಏಳು ಮಂದಿಯನ್ನು ಹೊರಗಿಟ್ಟರು. ಎಂಟನೆಯವರಾದ ಚಿಕ್ ಗ್ಯಾಂಡಿಲ್ ಆ ವರ್ಷ ತಂಡದಲ್ಲೇ ಇರಲಿಲ್ಲ. ಉಳಿದ ಮೂರು ಪಂದ್ಯಗಳಲ್ಲಿ ಎರಡು ಸೋತ ವೈಟ್ ಸಾಕ್ಸ್ ಎರಡನೇ ಸ್ಥಾನದಲ್ಲಿ ಮುಗಿಸಿತು. ಕ್ಲೀವ್‌ಲ್ಯಾಂಡ್ 98 ಗೆಲುವು, ಶಿಕಾಗೋ 96, ಯಾಂಕೀಸ್ 95.

1921ರಲ್ಲಿ ಮೊಕದ್ದಮೆ ನಡೆಯಿತು. ಅಷ್ಟರಲ್ಲಿ ತಪ್ಪೊಪ್ಪಿಗೆಯ ಕಾಗದಗಳೇ ಕಾಣೆಯಾಗಿದ್ದವು. ಜ್ಯೂರಿ ಎಲ್ಲರನ್ನೂ ಬಿಟ್ಟುಬಿಟ್ಟಿತು. ಮಾರನೇ ದಿನವೇ ಎಂಟೂ ಜನಕ್ಕೆ ಜೀವನಪರ್ಯಂತ ನಿಷೇಧ ಬಿತ್ತು. ಇದರಲ್ಲಿ ನನಗೆ ಇವತ್ತಿಗೂ ಕಷ್ಟ ಅನ್ನಿಸುವುದು ಬಕ್ ವೀವರ್ ಕತೆ. ಅವರು ಒಂದು ಪೈಸೆ ಮುಟ್ಟಲಿಲ್ಲ, ಸರಣಿಯಲ್ಲಿ ಚೆನ್ನಾಗೇ ಆಡಿದರು. ಗೊತ್ತಿದ್ದೂ ಹೇಳಲಿಲ್ಲ ಎಂಬುದಷ್ಟೇ ತಪ್ಪು. ಅವರಿಗೂ ಅದೇ ಶಿಕ್ಷೆ. ಗೊತ್ತಿದ್ದೂ ಸುಮ್ನೆ ಇದ್ದವರು ಮಾಲೀಕರಲ್ಲೂ ಇದ್ದರು, ಅವರಿಗೆ ಯಾರೂ ಏನೂ ಮಾಡಲಿಲ್ಲ. ಜಾಕ್ಸನ್ 1920ರಲ್ಲಿ .382 ಸರಾಸರಿಯಲ್ಲಿ (ಅಂದರೆ ನೂರು ಸರದಿಗೆ ಸುಮಾರು 38 ಹಿಟ್) ಹೊಡೆಯುತ್ತಿದ್ದರು, ಅದೇ ಅವರ ಕೊನೆಯ ಸೀಸನ್ ಆಯಿತು. ಸತ್ತವರ ಮೇಲಿನ ನಿಷೇಧ ಇನ್ನು ಮುಂದೆ ಇಲ್ಲ ಎಂದು ಮೇಜರ್ ಲೀಗ್ ಹೇಳಿದ್ದು 2025ರ ಮೇ ತಿಂಗಳಲ್ಲಿ.

ಕ್ಲೀವ್‌ಲ್ಯಾಂಡ್‌ಗೆ ಅದೊಂದು ವಿಚಿತ್ರ ಅಕ್ಟೋಬರ್. ಶಾರ್ಟ್‌ಸ್ಟಾಪ್ ಸತ್ತಿದ್ದಾರೆ. ಅವರ ಜಾಗಕ್ಕೆ ಸೆಪ್ಟೆಂಬರ್‌ನಲ್ಲಿ ಬಂದ ಹುಡುಗ ಜೋ ಸೀವೆಲ್‌ಗೆ ಮೇಜರ್ ಲೀಗ್ ಅನುಭವವೇ ಇರಲಿಲ್ಲ. (ಮುಂದೆ ಇದೇ ಸೀವೆಲ್ ಇಡೀ ವೃತ್ತಿಯಲ್ಲಿ ಬರೀ 114 ಸಲ ಸ್ಟ್ರೈಕ್‌ಔಟ್ ಆದರು, ಅಂದರೆ ಮೂರು ಎಸೆತಗಳನ್ನು ಹೊಡೆಯಲಾಗದೆ ಔಟಾದರು. ಈಗಿನ ಕೆಲವರು ಒಂದೇ ವರ್ಷದಲ್ಲಿ ಅದಕ್ಕಿಂತ ಜಾಸ್ತಿ ಆಗುತ್ತಾರೆ.) ಪಿಚರ್ ಸ್ಟ್ಯಾನ್ ಕವೆಲೆಸ್ಕಿ ಮೇ ತಿಂಗಳಲ್ಲಿ ಹೆಂಡತಿಯನ್ನು ಕಳೆದುಕೊಂಡಿದ್ದರು. ಅದೇ ಕವೆಲೆಸ್ಕಿ ಬ್ರೂಕ್ಲಿನ್ ವಿರುದ್ಧದ ವರ್ಲ್ಡ್ ಸೀರೀಸ್‌ನಲ್ಲಿ ಮೂರು ಪಂದ್ಯ ಎಸೆದು ಮೂರನ್ನೂ ಗೆದ್ದರು, ಒಟ್ಟು ಬಿಟ್ಟುಕೊಟ್ಟದ್ದು ಎರಡೇ ರನ್. ಅವರು ಎಸೆದದ್ದು ಸ್ಪಿಟ್‌ಬಾಲ್. ವಿನಾಯ್ತಿ ಸಿಕ್ಕಿದ ಆ 17 ಜನರಲ್ಲಿ ಅವರೂ ಒಬ್ಬರು.

ಅಕ್ಟೋಬರ್ 10ರ ಐದನೇ ಪಂದ್ಯವನ್ನಂತೂ ಬಿಡುವ ಹಾಗಿಲ್ಲ. ಮೊದಲ ಇನಿಂಗ್ಸ್‌ನಲ್ಲೇ ಮೂರೂ ಬೇಸ್ ತುಂಬಿದ್ದಾಗ ಎಲ್ಮರ್ ಸ್ಮಿತ್ ಹೋಮ್ ರನ್ ಹೊಡೆದರು. ಒಂದೇ ಹೊಡೆತಕ್ಕೆ ನಾಲ್ಕು ರನ್, ವರ್ಲ್ಡ್ ಸೀರೀಸ್‌ನಲ್ಲಿ ಅದೇ ಮೊದಲು. ಐದನೇ ಇನಿಂಗ್ಸ್‌ನಲ್ಲಿ ಬ್ರೂಕ್ಲಿನ್‌ನ ಇಬ್ಬರು ಒಂದನೇ ಮತ್ತು ಎರಡನೇ ಬೇಸ್‌ನಲ್ಲಿದ್ದರು. ಕ್ಲಾರೆನ್ಸ್ ಮಿಚೆಲ್ ಹೊಡೆದ ಚೆಂಡು ಬಾಣದಂತೆ ಹೋಯಿತು. ಎರಡನೇ ಬೇಸ್ ಕಾಯುತ್ತಿದ್ದ ಬಿಲ್ ವಾಂಬ್ಸ್‌ಗಾನ್ಸ್ ಹಾರಿ ಹಿಡಿದರು, ಒಂದು ಔಟ್. ಓಟಗಾರ ಪೀಟ್ ಕಿಲ್ಡಫ್ ಆಗಲೇ ಮೂರನೇ ಬೇಸ್ ಕಡೆ ಓಡಿದ್ದರು, ಅವರು ವಾಪಸ್ ಬರುವ ಮೊದಲೇ ವಾಂಬ್ಸ್‌ಗಾನ್ಸ್ ಬೇಸ್ ಮುಟ್ಟಿದರು, ಎರಡು. ತಿರುಗಿ ನೋಡಿದರೆ ಮೊದಲ ಬೇಸ್‌ನಿಂದ ಓಡಿ ಬಂದ ಓಟೋ ಮಿಲ್ಲರ್ ಎದುರಿಗೇ ನಿಂತಿದ್ದರು. ಅವರನ್ನು ಚೆಂಡಿನಿಂದ ಮುಟ್ಟಿದರು, ಮೂರು. ಒಬ್ಬರೇ, ಕ್ಷಣಮಾತ್ರದಲ್ಲಿ ಮೂವರನ್ನು ಔಟ್ ಮಾಡಿದರು. ವರ್ಲ್ಡ್ ಸೀರೀಸ್‌ನಲ್ಲಿ ಇನ್ಯಾರೂ ಅದನ್ನು ಮಾಡಿಲ್ಲ. ಪಾಪ ಮಿಚೆಲ್, ಮುಂದಿನ ಸರದಿಯಲ್ಲೂ ಅವರ ಹೊಡೆತಕ್ಕೆ ಇಬ್ಬರು ಔಟಾದರು. ಕ್ಲೀವ್‌ಲ್ಯಾಂಡ್ ಸರಣಿಯನ್ನು 5-2ರಿಂದ ಗೆದ್ದಿತು. ಬಹುಮಾನದ ದುಡ್ಡಿನಲ್ಲಿ ಒಂದು ಪೂರ್ತಿ ಪಾಲನ್ನು ಆಟಗಾರರು ಚಾಪ್‌ಮನ್ ಅವರ ಹೆಂಡತಿಗೆ ಕೊಟ್ಟರು.

ಇಷ್ಟೆಲ್ಲ ಆದ ಮೇಲೆ ಮಾಲೀಕರಿಗೆ ಒಂದು ವಿಷಯ ಖಚಿತವಾಯಿತು. ತಮ್ಮ ಮೇಲೆ ಯಾರಾದರೂ ಇಲ್ಲದಿದ್ದರೆ ಜನ ಆಟವನ್ನು ನಂಬುವುದಿಲ್ಲ. ಅಲ್ಲಿಯವರೆಗೆ ಮೂವರ ಸಮಿತಿ ಆಟ ನಡೆಸುತ್ತಿತ್ತು. ನವೆಂಬರ್ 12ರಂದು ಫೆಡರಲ್ ನ್ಯಾಯಾಧೀಶ ಕೆನೆಸಾ ಮೌಂಟನ್ ಲ್ಯಾಂಡಿಸ್ ಅವರನ್ನು ಬೇಸ್‌ಬಾಲ್‌ನ ಮೊದಲ ಕಮಿಷನರ್ ಮಾಡಿದರು. ಎಂಟು ಮಂದಿಯನ್ನು ನಿಷೇಧಿಸಿದ್ದು ಅವರೇ. 1944ರಲ್ಲಿ ತೀರಿಕೊಳ್ಳುವವರೆಗೂ ಅದೇ ಕುರ್ಚಿಯಲ್ಲಿದ್ದರು. ಜೂಜಿನ ವಿಷಯದಲ್ಲಿ ಅಷ್ಟು ಕಟ್ಟುನಿಟ್ಟಾಗಿದ್ದವರ ಆಳ್ವಿಕೆಯಲ್ಲಿ ಒಬ್ಬೇ ಒಬ್ಬ ಕರಿಯ ಆಟಗಾರ ಮೇಜರ್ ಲೀಗ್ ಮೈದಾನಕ್ಕೆ ಇಳಿಯಲಿಲ್ಲ.

ಕರಿಯರ ಮೇಲಿನ ಆ ನಿಷೇಧಕ್ಕೆ ಬರೆದಿಟ್ಟ ನಿಯಮವೇ ಇರಲಿಲ್ಲ, ಎಲ್ಲ ಬಾಯಿಮಾತಿನ ಒಪ್ಪಂದ. ಹಾಗಾಗಿ ಈ ವರ್ಷದ ಅತಿ ಮುಖ್ಯ ಘಟನೆ ಮೇಜರ್ ಲೀಗ್‌ನ ಹೊರಗೇ ನಡೆಯಿತು ಎಂಬುದು ನನ್ನ ಅಭಿಪ್ರಾಯ. ಫೆಬ್ರವರಿ 13ರಂದು, ಕ್ಯಾನ್ಸಸ್ ಸಿಟಿಯ ಪಸಿಯೋ ವೈಎಂಸಿಎ ಕಟ್ಟಡದಲ್ಲಿ ಕರಿಯರ ತಂಡಗಳ ಮಾಲೀಕರು ಸೇರಿದರು. ಕರೆದವರು ಟೆಕ್ಸಾಸ್ ಮೂಲದ ರೂಬ್ ಫಾಸ್ಟರ್. ಒಂದು ಕಾಲದ ದೊಡ್ಡ ಪಿಚರ್, ಆಗ ಶಿಕಾಗೋ ಅಮೆರಿಕನ್ ಜೈಂಟ್ಸ್‌ನ ಮಾಲೀಕ ಮತ್ತು ಮ್ಯಾನೇಜರ್. ಕರಿಯರ ತಂಡಗಳು ಮೊದಲೂ ಇದ್ದವು. ಆದರೆ ಎಲ್ಲಿ, ಯಾವಾಗ, ಎಷ್ಟು ದುಡ್ಡಿಗೆ ಆಡಬೇಕು ಎಂಬುದು ಹೆಚ್ಚಾಗಿ ಬಿಳಿಯ ದಲ್ಲಾಳಿಗಳ ಕೈಯಲ್ಲಿತ್ತು. ನಮ್ಮ ಲೀಗನ್ನು ನಾವೇ ನಡೆಸೋಣ ಎಂಬುದು ಫಾಸ್ಟರ್ ಹಠ. ಎಂಟು ತಂಡಗಳ ನೀಗ್ರೋ ನ್ಯಾಷನಲ್ ಲೀಗ್ ಹುಟ್ಟಿತು. ಮೇ 2ರಂದು ಇಂಡಿಯಾನಾಪೊಲಿಸ್‌ನಲ್ಲಿ ಮೊದಲ ಪಂದ್ಯ. ಆತಿಥೇಯ ಎಬಿಸಿಸ್ ತಂಡ ಶಿಕಾಗೋ ಜೈಂಟ್ಸ್ (ಇದು ಫಾಸ್ಟರ್ ತಂಡವಲ್ಲ, ಬೇರೆಯದು) ಅನ್ನು 4-2ರಿಂದ ಸೋಲಿಸಿತು. ಬ್ರೂಕ್ಲಿನ್ ತಂಡ 13 ಇನಿಂಗ್ಸ್ ಆಡಿ ಸೋತದ್ದೂ ಅದೇ ದಿನ.

ಮೊದಲ ಮೂರು ವರ್ಷವೂ ಫಾಸ್ಟರ್ ತಂಡವೇ ಗೆದ್ದಿತು. ಹಣದ ಕಷ್ಟ, ಸರಿಯಾದ ಮೈದಾನಗಳಿಲ್ಲ, ದೂರದ ಪ್ರಯಾಣ, ಹೋದಲ್ಲೆಲ್ಲ ಊಟಕ್ಕೆ, ಮಲಗಲು ಜಾಗ ಕೊಡದ ಊರುಗಳು. ಇಷ್ಟರ ನಡುವೆ ಲೀಗ್ ನಡೆಯಿತು. ಫಾಸ್ಟರ್ ಅವರ ಮಾನಸಿಕ ಆರೋಗ್ಯ ಕೆಟ್ಟಿತು, 1930ರಲ್ಲಿ ಆಸ್ಪತ್ರೆಯಲ್ಲೇ ತೀರಿಕೊಂಡರು. 1931ಕ್ಕೆ ಈ ಲೀಗ್ ನಿಂತಿತು, ಅದರ ಜಾಗದಲ್ಲಿ ಬೇರೆ ಲೀಗ್‌ಗಳು ಎದ್ದವು. ಜಾಕಿ ರಾಬಿನ್ಸನ್ ಬ್ರೂಕ್ಲಿನ್ ಪರ ಮೇಜರ್ ಲೀಗ್‌ಗೆ ಇಳಿದದ್ದು 1947ರ ಏಪ್ರಿಲ್‌ನಲ್ಲಿ. ಅವರೂ ಅದಕ್ಕೆ ಮುಂಚೆ ಆಡಿದ್ದು ಫಾಸ್ಟರ್ ಲೀಗ್‌ನ ಮೊದಲ ಎಂಟು ತಂಡಗಳಲ್ಲಿ ಒಂದಾಗಿದ್ದ ಕ್ಯಾನ್ಸಸ್ ಸಿಟಿ ಮೊನಾರ್ಕ್ಸ್‌ಗೆ.

1920ರಿಂದ 1948ರವರೆಗಿನ ಈ ಲೀಗ್‌ಗಳೂ ಮೇಜರ್ ಲೀಗ್‌ಗಳೇ ಎಂದು ಒಪ್ಪಿಕೊಳ್ಳಲು ಬೇಸ್‌ಬಾಲ್‌ಗೆ 2020ರ ಡಿಸೆಂಬರ್ ಬರಬೇಕಾಯಿತು. 2024ರಲ್ಲಿ ಅಲ್ಲಿನ ಅಂಕಿಅಂಶಗಳನ್ನು ಅಧಿಕೃತ ದಾಖಲೆಗೆ ಸೇರಿಸಿದರು. ವೃತ್ತಿ ಬ್ಯಾಟಿಂಗ್ ಸರಾಸರಿಯಲ್ಲಿ ದಶಕಗಳ ಕಾಲ ಮೊದಲಿದ್ದ ಟೈ ಕಾಬ್ ಎರಡನೇ ಸ್ಥಾನಕ್ಕೆ ಇಳಿದರು. ಈಗ ಮೊದಲ ಹೆಸರು ಜೋಶ್ ಗಿಬ್ಸನ್, .372. ರಾಬಿನ್ಸನ್ ಮೈದಾನಕ್ಕೆ ಇಳಿಯುವ ಮೂರು ತಿಂಗಳ ಮೊದಲು ತೀರಿಕೊಂಡ ಗಿಬ್ಸನ್ ಬದುಕಿರುವಾಗ ಮೇಜರ್ ಲೀಗ್‌ನ ಒಂದು ಪಂದ್ಯವನ್ನೂ ಆಡಿರಲಿಲ್ಲ.